‘ಇಂದೇ ಕಡೆ’ ಪಟ್ಟಿ

ಮಳೆ ಹಿಡಿದ ಆ ಸಂಜೆ, ಕರೆಂಟು ಹೋದದ್ದೇ ನೆಪವಾಗಿ ಮನೆಯವರೆಲ್ಲ ಅಜ್ಜಿಯ ಕೋಣೆಯಲ್ಲಿ ಸೇರಿದೆವು. ಅದು ಮೊದಲೇ ಇಕ್ಕಟ್ಟಿನ ಕೋಣೆ. ಒಂದು ಗೋಡೆಗೆ ಉದ್ದಕ್ಕೂ ಹಳೆಯ ಸೀರೆಯೊಂದನ್ನು ಪರದೆಯಂತೆ ಕಟ್ಟಲಾಗಿತ್ತು. ಅದರ ಹಿಂದೇನಿದೆ ಎಂದು ಯಾರಾದರೂ ಕೇಳಿದರೆ ಅಜ್ಜಿ, "ನನ್ನ ಸವತಿ" ಎಂದು ನಗುತ್ತಿದ್ದಳು. ಮೋಂಬತ್ತಿ ಹಚ್ಚಿ, ಸಿಕ್ಕಸಿಕ್ಕಲ್ಲಿ ಕೂತೆವು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಲು ಹೋದ ನನ್ನನ್ನು ಅಜ್ಜಿ ಗದರಿಸಿ ಚಾಪೆಗೆ ಇಳಿಸಿದಳು.

ಕೊನೆಗೆ ಬಂದವನು ಭಾವ. ತಲೆ ಒರೆಸಿಕೊಳ್ಳುತ್ತಾ, "ಮೆಟ್ಟಿಲ ಮೇಲೆ ಯಾರೋ ಹಿರಿಯರು ನಿಂತಿದ್ದಾರೆ. ‘ಶುರುವಾಯ್ತಾ?’ ಅಂತ ಕೇಳಿದ್ರು. ಅಜ್ಜಿ ಕತೆ ಕೇಳೋಕೆ ಬಂದಿರ್ಬೇಕು ಅಂತ, ‘ಇನ್ನೂ ಇಲ್ಲ, ಬನ್ನಿ’ ಅಂದೆ" ಎಂದ.

ಅಜ್ಜಿ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು ಶುರುಮಾಡಿದಳು.

"ಇದೂ ಒಂದು ಮಳೇನಾ? ಇದು ಸೋರೋ ನಲ್ಲಿ ಕಣ್ರೋ. ನಾನು ಹೇಳ್ತಿರೋ ವರ್ಷದ ಮಳೆ ನೀವು ನೋಡ್ಬೇಕಿತ್ತು... ಬೀದಿ ಕತ್ತೆಗಳೆಲ್ಲ ಈಜು ಕಲ್ತಿದ್ವು. ನಗಬೇಡ, ನಿನಗಿಂತ ಚೆನ್ನಾಗಿ ಈಜ್ತಿದ್ವು.

ನಮ್ಮಣ್ಣ ಒಬ್ಬ ಇದ್ದ. ಎಲ್ರೂ ಗಡಿಯಾರದಣ್ಣ ಅಂತಿದ್ರು. ನಮ್ಮನೆ ಎದುರಿಗೇ ಅವನ ರಿಪೇರಿ ಅಂಗಡಿ, ಅದರ ಹಿಂದೆ ಮನೆ. ಊರಿಗೆಲ್ಲ ಟೈಮು ಸರಿಮಾಡಿ ಕೊಡೋನು, ಕಟ್ಕೊಂಡ ಹೆಂಡ್ತಿಗೆ ಕೊಡೋಕೆ ಮಾತ್ರ ಅವನ ಹತ್ರ ಟೈಮಿಲ್ಲ. ಅತ್ತಿಗೆ ಪಾಪ, ಜಾಸ್ತಿ ಏನೂ ಕೇಳ್ದೋಳಲ್ಲ. ಒಂದೇ ಒಂದು ಪಿಕ್ಚರ್ ನೋಡ್ಬೇಕು ಅಂದ್ಳು. ಗಂಡ ಜಗಳ ಆಡ್ಕೊಂಡು ಹೋಗಿರ್ತಾನೆ, ಹೆಂಡ್ತಿ ರೈಲ್ವೆ ಸ್ಟೇಷನ್ನಲ್ಲಿ ಅವನಿಗೆ ಕಾಯ್ತಾ ನಿಂತಿರ್ತಾಳೆ, ಆ ಥರದ ಪಿಕ್ಚರ್ರು. ‘ನಾಳೆ ಹೋಗೋಣ’ ಅಂದ ಅಣ್ಣ. ಆ ನಾಳೆ ಬರೋಷ್ಟರಲ್ಲಿ ಪೋಸ್ಟರ್ ಮೇಲೆ ‘ಇಂದೇ ಕಡೆ’ ಅಂತ ಪಟ್ಟಿ ಅಂಟಿಸಿಬಿಟ್ರು. ನಾನು ಕರೆದ್ರೆ ನಿಮ್ಮ ತಾತಂದೂ ಅದೇ ರಾಗ, ನಾಡಿದ್ದು ನಾಡಿದ್ದು ಅಂತ... ನಮ್ಮ ಕಡೆಯೋರು ಯಾರೂ ನೋಡ್ಲಿಲ್ಲ ಆ ಪಿಕ್ಚರ್‍ನ. ಆ ಮಳೆಗಾಲ ಮುಗಿಯೋಷ್ಟರಲ್ಲಿ ಅತ್ತಿಗೆ ಜ್ವರ ಬಂದು ಹೋದ್ಳು.

ಅವಳು ಹೋದ್ಮೇಲೆ ಅಣ್ಣನಿಗೆ ಹುಚ್ಚು ಹಿಡೀತು ನೋಡಿ. ಆ ಪಿಕ್ಚರ್‍ದು ಎಲ್ಲಿ ಏನು ಸಿಕ್ಕಿದ್ರೂ ತರೋದು. ಟಾಕೀಸ್ ವರಾಂಡದಲ್ಲಿ ಗಾಜಿನ ಪೆಟ್ಟಿಗೆ ಒಳಗೆ ಪಿಕ್ಚರ್ ಸೀನುಗಳ ಫೋಟೋ ಕಾರ್ಡ್ ಹಾಕಿರ್ತಿದ್ರಲ್ಲ, ಲಾಬಿ ಕಾರ್ಡ್ ಅಂತಿದ್ದ ಅಣ್ಣ, ಅವುಗಳನ್ನ ಗುಜರಿಯೋರ ಹತ್ರ, ಹಳೇ ಆಪರೇಟರ್‍ಗಳ ಅಟ್ಟದಲ್ಲಿ, ಎಲ್ಲೆಲ್ಲೋ ಹುಡುಕಿ ತಂದ. ಮದುವೆ ಕಾರ್ಡ್ ಸಿಕ್ತು, ಜಗಳದ್ದು ಸಿಕ್ತು, ಸ್ಟೇಷನ್ನಲ್ಲಿ ಅವಳು ಕಾಯೋದೂ ಸಿಕ್ತು. ಕಡೇ ಕಾರ್ಡ್ ಒಂದು ಸಿಗ್ಲಿಲ್ಲ. ಗಂಡ ಬಂದ್ನೋ ಇಲ್ವೋ... ಯಾರಿಗೆ ಗೊತ್ತು?

ಪೋಸ್ಟರ್ ಸಿಕ್ಕಿದ್ದು ಮುಚ್ಚಿದ ಟಾಕೀಸಿನ ಹಿಂದಿನ ಗೋಡೇಲಿ. ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸಿ ಅಂಟಿಸಿ ಅದು ಹಾಸಿಗೆ ಥರ ದಪ್ಪ ಆಗಿತ್ತು. ಒದ್ದೆ ಬಟ್ಟೆ ಒತ್ತಿ, ಒಂದೊಂದೇ ಪದರ ಬಿಡಿಸ್ತಾ ಹೋದ್ರೆ ಒಳಗೆ ಆ ಪಿಕ್ಚರ್ರು, ಹೊಸ ಮದುಮಗಳ ಹಾಗೆ! ಅದರ ಅಡ್ಡಕ್ಕೆ ‘ಇಂದೇ ಕಡೆ’ ಪಟ್ಟಿ. ಹಿಂದೆ ಪೋಸ್ಟರ್ ಅಂಟಿಸ್ತಿದ್ದ ಮುದುಕ ಒಬ್ಬ ಅಲ್ಲೇ ಬೀಡಿ ಸೇದ್ತಾ ಕೂತಿದ್ದನಂತೆ. ‘ಪೋಸ್ಟರ್ ತಗೊಂಡ್ ಹೋಗಿ ಸ್ವಾಮಿ, ಪಟ್ಟಿ ಮಾತ್ರ ಕೀಳ್ಬೇಡಿ. ನಾವು ಅದರ ಮೇಲೆ ಇನ್ನೊಂದು ಅಂಟಿಸ್ತೀವೇ ಹೊರತು ಯಾವತ್ತೂ ಕೀಳಲ್ಲ. ಕಿತ್ರೆ ಆಟ ಇದೆ ಅಂತ ಅರ್ಥ. ನೋಡದೆ ಉಳಿದೋರು ಬಂದ್ಬಿಡ್ತಾರೆ’ ಅಂದನಂತೆ. ನಮ್ಮಣ್ಣ ಕೇಳೋ ಪೈಕಿನಾ? ಪಟ್ಟಿಯ ಕೆಳಗೆ ಆ ನಾಯಕಿ ಮುಖ ಇತ್ತು. ಮನೆಗೆ ತಂದೋನೇ ನೀರು ಹಚ್ಚಿ, ಮಗುವಿನ ಗಾಯದ ಮೇಲಿನ ಬಟ್ಟೆ ಬಿಡಿಸೋ ಹಾಗೆ ಪಟ್ಟಿ ಬಿಡಿಸಿದ.

ಮಾರನೇ ದಿನ ಮಬ್ಬುಗತ್ತಲಾಗ್ತಿತ್ತು, ಧೋ ಅಂತ ಮಳೆ. ಒಬ್ಬ ಹೆಂಗಸು ಅಂಗಡಿ ಮುಂದೆ ಬಂದು, ‘ಆಟ ಇದೆಯಾ?’ ಅಂದ್ಳಂತೆ. ‘ಇಲ್ಲಮ್ಮ, ಇದು ಗಡಿಯಾರದ ಅಂಗಡಿ’ ಅಂದ ಇವನು. ಅವಳು ಹೋಗ್ಲಿಲ್ಲ. ಅವಳ ಹಿಂದೆ ಇನ್ನೊಬ್ರು, ಅವರ ಹಿಂದೆ ಮತ್ತೊಬ್ರು... ನಾನು ನಮ್ಮ ಕಿಟಕಿಯಿಂದ ನೋಡ್ತಿದ್ದೆ. ಅಷ್ಟು ಮಳೇಲಿ ಕೊಡೆ ಇಲ್ದೆ ಸಾಲಾಗಿ ನಿಂತಿದ್ದಾರೆ, ಒಬ್ಬರ ಬಟ್ಟೇನೂ ಒದ್ದೆ ಇಲ್ಲ! ನನ್ನ ಕೂದಲು ಇದೆಯಲ್ಲ, ಇದು ವಯಸ್ಸಿಗೆ ಬೆಳ್ಳಗಾಗಿದ್ದಲ್ಲ, ಅವತ್ತೇ ಆಗಿದ್ದು.

ಸಾಲಿನ ಕೊನೇಲಿ ಯಾರಿದ್ರು ಗೊತ್ತಾ?

ಅತ್ತಿಗೆ. ಹಸಿರು ಸೀರೆ ಉಟ್ಟು, ಸಿನಿಮಾಗೆ ಹೊರಟೋಳ ಹಾಗೆ ತಲೆ ಬಾಚಿಕೊಂಡು. ‘ಆಟ ಇದೆಯಾ?’ ಅಂದ್ಳು, ಗಂಡನ ಗುರುತೇ ಇಲ್ಲದೋಳ ಹಾಗೆ. ಅಣ್ಣನ ಬಾಯಲ್ಲಿ ಇನ್ನೇನು ಬಂದೀತು, ಹೇಳಿ? ‘ಇದೆ, ಬಾ’ ಅಂದ.

ಅಂದ ಮೇಲೆ ಆಟ ತೋರಿಸ್ಬೇಕಲ್ಲ? ಸ್ಟೂಲು, ಬೆಂಚು ಎಲ್ಲಾ ಹಾಕಿ ಕೂರಿಸಿದ. ಕಾರ್ಡುಗಳನ್ನ ಗೋಡೆಗೆ ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ತೋರಿಸಿ ಕತೆ ಹೇಳ್ದ. ‘ಇಲ್ಲಿ ಮದುವೆ ಆಯ್ತು... ಇಲ್ಲಿ ಜಗಳ... ಇಲ್ಲಿ ಇವಳು ಸ್ಟೇಷನ್ನಿಗೆ ಬಂದ್ಳು...’ ಆಮೇಲೆ? ಆಮೇಲಿಂದು ಕಾರ್ಡೇ ಇಲ್ವಲ್ಲ! ಅಲ್ಲಿಗೆ ನಿಲ್ಲಿಸಿದ. ಅವರು ಸುಮ್ನೆ ಎದ್ದು ಹೋದ್ರು. ಮಾರನೇ ಸಂಜೆ ಮತ್ತೆ ಬಂದ್ರು.

ಮಳೆ ಇರೋವಷ್ಟು ದಿನ ಇದೇ ಆಯ್ತು. ಅಣ್ಣ ಸೊರಗಿ ಸೊರಗಿ ಗಡಿಯಾರದ ಮುಳ್ಳು ಥರ ಆದ. ‘ಆ ಪಟ್ಟಿ ಅಂಟಿಸೋ ಮಾರಾಯ, ನೀನು ಉಳೀತೀಯ’ ಅಂತ ನಾನು ಬಾಯಿ ಬಡ್ಕೊಂಡೆ. ‘ಅಂಟಿಸಿದ್ರೆ ಅವಳು ಬರಲ್ವಲ್ಲೇ’ ಅಂದ. ‘ಇವತ್ತು ಒಂದು ಸಲ ನಕ್ಳು ಕಣೇ. ಇನ್ನೆರಡು ದಿನ ಬಂದ್ರೆ ಗುರುತು ಹಿಡೀತಾಳೆ’ ಅಂದ. ಏನಂತ ಬೈಯೋದು ಇಂಥವನಿಗೆ?

ಗುರುತು ಹಿಡಿದ್ಳು. ಅವನೇ ಬಂದು ಹೇಳ್ದ. ಎಲ್ರೂ ಎದ್ದು ಹೋಗುವಾಗ ಅತ್ತಿಗೆ ಬಾಗಿಲಲ್ಲಿ ತಿರುಗಿ, ‘ರೀ, ನಾಳೆನಾದ್ರೂ ಮುಗಿಸ್ರೀ. ಸ್ಟೇಷನ್ನಲ್ಲಿ ನಿಂತೂ ನಿಂತೂ ಕಾಲು ನೋಯ್ತಿದೆ’ ಅಂದ್ಳಂತೆ.

ಆ ಮಾತು ಹೇಳಿದೋನೇ ಅಣ್ಣ ನನ್ನ ಹತ್ರ ಒಂದು ಬಟ್ಟಲು ಮೈದಾ ಕೇಳಿ ಇಸ್ಕೊಂಡ. ಅಂಟು ಕಾಯಿಸಿ, ಮಾರನೇ ದಿನ ಅವರು ಬರೋ ಮುಂಚೆನೇ ಆ ಪಟ್ಟಿ ಎಲ್ಲಿತ್ತೋ ಅಲ್ಲೇ ಅಂಟಿಸಿದ. ‘ಇಂದೇ ಕಡೆ.’ ನಾನು ಕಿಟಕೀಲಿ ಕಿವಿ ಇಟ್ಟೇ ನಿಂತಿದ್ದೆ. ಅವನು ಕಾರ್ಡು ತೋರಿಸ್ತಾ ಬಂದ, ಸ್ಟೇಷನ್ನಿಗೆ ಬಂದ, ನಿಲ್ಲಿಸಿದ... ಆಮೇಲೆ ಗಟ್ಟಿಯಾಗಿ ಹೇಳ್ದ. ‘ಗಂಡ ಬಂದ. ತಡ ಆಯ್ತು, ಆದ್ರೂ ಬಂದ. ರೈಲು ಇನ್ನೂ ನಿಂತಿತ್ತು. ಇಬ್ಬರೂ ಹತ್ತಿದ್ರು.’

ಬೆಂಚು ಸರಿದ ಸದ್ದಾಯ್ತು. ಒಬ್ಬೊಬ್ಬರೇ ಹೊರಗೆ ಬಂದ್ರು. ಕೊನೆಗೆ ಅತ್ತಿಗೆ, ಪಕ್ಕದಲ್ಲಿ ಅಣ್ಣ. ಇವನು ಕೊಡೆ ಬಿಚ್ಚಿ ಪೂರ್ತಿ ಅವಳ ಮೇಲೇ ಹಿಡಿದಿದ್ದ, ಅವಳು ಏನೋ ಹೇಳ್ತಾ ಹೇಳ್ತಾ ನಡೀತಿದ್ಳು, ಪಿಕ್ಚರ್ ನೋಡಿ ಬರೋರು ಮಾತಾಡ್ತಾರಲ್ಲ, ಹಾಗೆ. ಪರವಾಗಿಲ್ವೇ, ಅಂತೂ ಹೆಂಡ್ತಿ ಜೊತೆ ಹೊರಟ ಅಂತ ನಾನು ಒಂದು ಕ್ಷಣ ಖುಷಿಪಟ್ಟೆ ಕಣ್ರೋ... ಆಮೇಲೆ ನೋಡ್ತೀನಿ, ಅವನ ಅಂಗೀನೂ ಒದ್ದೆ ಆಗ್ತಿಲ್ಲ.

ಓಡಿ ಹೋದೆ. ಅಣ್ಣ ಅಂಗಡಿ ಒಳಗೆ ಸ್ಟೂಲಿನ ಮೇಲೆ, ಗೋಡೆಗೆ ಒರಗಿ ಕೂತಿದ್ದ. ಮೈ ತಣ್ಣಗಾಗಿತ್ತು. ಕೊಡೆ ಮೂಲೇಲೇ ಇತ್ತು."

ಅಜ್ಜಿ ಎದ್ದು ಮೋಂಬತ್ತಿ ತೆಗೆದುಕೊಂಡು ಸೀರೆಯ ಪರದೆಯನ್ನು ಸರಿಸಿದಳು. ಕಟ್ಟುಹಾಕಿದ ದೊಡ್ಡ ಪೋಸ್ಟರು. ಅದಕ್ಕೆ ಗಾಜಿರಲಿಲ್ಲ. ನಾಯಕಿಯ ಮುಖಕ್ಕೆ ಅಡ್ಡವಾಗಿ ಅಂಟಿಸಿದ್ದ ಹಳದಿ ಪಟ್ಟಿ ಒಂದು ತುದಿಯಲ್ಲಿ ಬಿಟ್ಟುಕೊಂಡು ಜೋತುಬಿದ್ದಿತ್ತು. ಅದರ ಕೆಳಗಿನಿಂದ ಎರಡು ಕಣ್ಣು ನಮ್ಮನ್ನೇ ನೋಡುತ್ತಿದ್ದವು.

"ಪೋಸ್ಟರ್ ಅಂಟಿಗೆ ಮೈಲುತುತ್ತ ಹಾಕ್ಬೇಕಂತೆ, ಹುಳ ಹಿಡಿಯದ ಹಾಗೆ. ಗಡಿಯಾರದೋನಿಗೆ ಅದೆಲ್ಲಾ ಏನು ಗೊತ್ತು? ಬರೀ ಅಡುಗೆಮನೆ ಮೈದಾ. ಪ್ರತಿ ಮಳೆಗಾಲದಲ್ಲೂ ಹುಳ ತಿಂದು ತುದಿ ಏಳುತ್ತೆ, ನಾನು ಮತ್ತೆ ಅಂಟಿಸ್ತೀನಿ. ಇಷ್ಟು ವರ್ಷ ಒಂದು ಸಲಾನೂ ತಪ್ಪಿಸಿಲ್ಲ."

ಅಕ್ಕ ತಟ್ಟನೆ ಎದ್ದಳು. "ನಾನು ಅಂಟು ಮಾಡ್ಕೊಂಡು ಬರ್ತೀನಜ್ಜಿ."

"ಕೂತ್ಕೊಳ್ಳೇ. ಈ ಸಲ ಬೇಡ ಅಂತ ನಾನೇ ಬಿಟ್ಟಿದ್ದೀನಿ." ಅಜ್ಜಿ ಭಾವನ ಕಡೆ ತಿರುಗಿದಳು. "ಏನಪ್ಪಾ, ಮೆಟ್ಟಿಲ ಮೇಲೆ ನಿಂತಿದ್ದ ಆ ಹಿರಿಯರಿಗೆ ಕೊಡೆ ಇತ್ತಾ?"

ಭಾವ ಇಲ್ಲವೆಂದು ತಲೆಯಾಡಿಸಿದ.

"ಒದ್ದೆ ಆಗಿದ್ರಾ?"

ಭಾವ ತನ್ನ ಒದ್ದೆ ಅಂಗಿಯನ್ನೊಮ್ಮೆ ನೋಡಿಕೊಂಡು ಬಾಗಿಲ ಕಡೆ ತಿರುಗಿದ.

"ನಿಮ್ಮ ತಾತ ಬದುಕಿದ್ದಾಗಲೂ ಹೀಗೇ. ಎಲ್ಲಿಗೇ ಕರೀಲಿ, ಅರ್ಧ ಮುಗಿದ ಮೇಲೇ ಬರೋದು." ಅಜ್ಜಿ ಬಾಚಣಿಗೆ ತೆಗೆದುಕೊಂಡು ತನ್ನ ಬಿಳಿಯ ಕೂದಲನ್ನು ನಿಧಾನವಾಗಿ ಬಾಚಿಕೊಳ್ಳತೊಡಗಿದಳು. "ಆ ಸ್ಟೂಲ್ ಪಕ್ಕದಿಂದ ಸ್ವಲ್ಪ ಸರಿದು ಕೂತ್ಕೊಳ್ರೋ... ಅವರು ಕಾಲು ಚಾಚ್ತಾರೆ."