ಮೇಜಿನ ಮೇಲಿನ ಒರಳು

ಡೆಲ್ಫಿನಾ, ಮಗಳು ನೋರ್ಮಾ, ಮುಂದಿನ ಸಾಲಿನಲ್ಲಿರುವ ಕುಟುಂಬದ ಹಿರಿಯರೇ, ನಮ್ಮ ತತ್ತ್ವಶಾಸ್ತ್ರ ವಿಭಾಗದ ಗೆಳೆಯರೇ, ಈ ಬಿಸಿಲಿನಲ್ಲಿ ಜಿನೋವಾದ ಏರುಬೀದಿಗಳನ್ನು ಹತ್ತಿ ಬಂದ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ನಾನು ಒಲಿಂಪಿಯಾ. ಪ್ರೊಫೆಸರ್ ಎಜಿಡಿಯೊ ಕನೇಪಾ ಅವರ ಪಕ್ಕದ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದವಳು.

ದಿವಂಗತರು ದೊಡ್ಡ ವಿದ್ವಾಂಸರು, ಸಜ್ಜನರು — ಇದನ್ನೆಲ್ಲ ನನಗಿಂತ ಮೊದಲು ಮಾತಾಡಿದವರು ಹೇಳಿ ಆಗಿದೆ. ಸುಳ್ಳೇನಲ್ಲ. ಆದರೆ ‘ಅವರು, ಅವರು’ ಎನ್ನಲು ನನಗೆ ನಾಲಿಗೆ ಹೊರಳುತ್ತಿಲ್ಲ. ಇಷ್ಟು ವರ್ಷ ಏಕವಚನದಲ್ಲೇ ಬೈದಿದ್ದೇನೆ, ಇವತ್ತೂ ಬೈಯಲೆಂದೇ ಬಂದಿದ್ದೇನೆ. ಅವನ ಹೆಂಡತಿ ಡೆಲ್ಫಿನಾಳನ್ನು ಕೇಳಿಯೇ ಬಂದೆ. “ಮನಸ್ಸಲ್ಲಿ ಇಟ್ಕೊಂಡು ಕೊರಗಬೇಡ, ಆಡಿಬಿಡು” ಅಂದಳು.

ನಮ್ಮ ಜಗಳ ನಿಮಗೆ ಗೊತ್ತು. ನಾನು ಹೇಳುತ್ತಿದ್ದೆ — ನಾವು ಯಾರೂ ವಸ್ತುವನ್ನು ಕಾಣುವುದಿಲ್ಲ, ಮನಸ್ಸು ಬರೆದುಕೊಂಡ ಚಿತ್ರವನ್ನು ಕಾಣುತ್ತೇವೆ. ಅವನು ಹೇಳುತ್ತಿದ್ದ — ಚಿತ್ರವೂ ಇಲ್ಲ, ಮಣ್ಣೂ ಇಲ್ಲ, ನಾನು ಕಾಣುವುದು ಲೋಟವನ್ನೇ. ಅದಕ್ಕಾಗಿಯೇ ನಮ್ಮ ಗುರುವಾರದ ಮೇಜು. ಮನೆಯ ಒಂದು ಸಾಮಾನು ತಂದು ಅದರ ಮೇಲೆ ಇಡಬೇಕು. ಲೋಟ, ನಿಂಬೆಹಣ್ಣು, ಹರಿದ ಚಪ್ಪಲಿ — ಏನಾದರೂ. ಮುಟ್ಟುವಂತಿಲ್ಲ. ಕಂಡಷ್ಟನ್ನು ಹೇಳಬೇಕು, ಆಮೇಲೆ ಕಾದಾಡಬೇಕು.

ಈಚಿನ ವರ್ಷಗಳಲ್ಲಿ ಸಾಮಾನು ತರುವ ಕೆಲಸವನ್ನೆಲ್ಲ ಅವನೇ ವಹಿಸಿಕೊಂಡ. “ನಿನಗ್ಯಾಕೆ ಹೊರೋ ಕಷ್ಟ? ನಾನೇ ತರ್ತೀನಿ ಬಿಡು” ಅನ್ನುತ್ತಿದ್ದ. ಅಂತೂ ವಯಸ್ಸಾದ ಮೇಲೆ ಬುದ್ಧಿ ಬಂತು ಎಂದುಕೊಂಡೆ.

ಹೋದ ವರ್ಷ ಸೊಪ್ಪು ಜಜ್ಜುವ ಅಮೃತಶಿಲೆಯ ಒರಳು ತಂದ. ನಿಮ್ಮಲ್ಲಿ ಅನೇಕರು ಅಂದು ಅಲ್ಲಿದ್ದಿರಿ. ಹೀಗೆ — ಕೈ ಹಿಂದೆ ಕಟ್ಟಿಕೊಂಡು ನಿಂತ. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ ಎಂದ. ಒಳಗೆ ಎಷ್ಟು ತಿಕ್ಕಿದರೂ ಹೋಗದ ಹಸಿರು ಕಲೆ ಎಂದ. ಹಿಡಿದೆತ್ತುವ ಕಿವಿಗಳಲ್ಲಿ ಒಂದರ ಕೆಳಗೆ ಬೂದು ಗೆರೆ ಹುಟ್ಟಿ, ತಳಕ್ಕೆ ಇಳಿದು ಅಲ್ಲೇ ಕರಗಿದೆ ಎಂದ. ಆ ಗೆರೆ ನನಗೆ ಕಂಡಿರಲಿಲ್ಲ. ಬಗ್ಗಿ ನೋಡಿದೆ — ಇತ್ತು.

“ಹೇಳು ಒಲಿಂಪಿಯಾ, ನಿನ್ನ ಮನಸ್ಸು ಬರೀದೇ ಇರೋ ಗೆರೆ ಇಲ್ಲಿ ಹೇಗೆ ಬಂತು? ನಾನು ನೋಡ್ತಿರೋದು ಒರಳನ್ನ ಕಣಮ್ಮಾ. ಒರಳನ್ನ.”

ಸೋತೆ. ನಮ್ಮ ವಿಭಾಗದ ಪತ್ರಿಕೆಯಲ್ಲಿ ಬರೆದೇಬಿಟ್ಟೆ — ನನ್ನ ವಾದ ತಪ್ಪು, ಎಜಿಡಿಯೊ ಸರಿ. ಜೀವಮಾನದ ಕೆಲಸವನ್ನು ಕೈಯಾರೆ ಬಿಟ್ಟುಕೊಟ್ಟೆ. ಅವನು ಆ ಲೇಖನವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿದ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದು.

ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಡೆಲ್ಫಿನಾ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಳು. “ಅವರಿಗೆ ಕಣ್ಣು ಕಾಣ್ತಿರಲಿಲ್ಲ, ಒಲಿಂಪಿಯಾ. ಮೂರು ವರ್ಷ ಆಯ್ತು. ಅಂಚಲ್ಲಿ ಒಂಚೂರು ಬೆಳಕು, ನಡುವೆ ಎಲ್ಲಾ ಹೊಗೆ. ಗುರುವಾರ ಬೆಳಿಗ್ಗೆ ಸಾಮಾನು ಅವರ ಕೈಗೆ ಕೊಟ್ಟು ಎಲ್ಲೆಲ್ಲಿ ಏನಿದೆ ಅಂತ ನಾನು ಹೇಳ್ತಿದ್ದೆ. ಅವರು ಬಾಯಿಪಾಠ ಮಾಡ್ಕೊಂಡು ಬರ್ತಿದ್ರು.”

ಕೇಳಿದಿರಾ — ಆ ಒರಳನ್ನು ಕಂಡದ್ದು ಡೆಲ್ಫಿನಾ. ಅವನ ಬಳಿ ಇದ್ದದ್ದು ಒಂದು ಚಿತ್ರ. ನಾನು ಜೀವಮಾನವಿಡೀ ಹೇಳಿಕೊಂಡು ಬಂದ ಅದೇ ಚಿತ್ರ. ಅದನ್ನು ಹಿಡಿದುಕೊಂಡೇ ನನ್ನನ್ನು ಸೋಲಿಸಿದ. ಕಣ್ಣಿಲ್ಲದವನು ಕಣ್ಣಿದ್ದವಳ ಕಣ್ಣಿಗೆ ಮಣ್ಣೆರಚಿದ.

ನಿನಗೆ ಗೊತ್ತಾಗಲಿಲ್ಲವೇ ಎಂದು ನೀವೆಲ್ಲ ಕೇಳಬಹುದು. ಹೇಗೆ ಗೊತ್ತಾಗಬೇಕು? ನಮ್ಮ ವಿಭಾಗದ ಎದುರಿನ ಗೋಡೆಯಲ್ಲಿ, ಈ ಊರಿನ ಅರ್ಧಕ್ಕರ್ಧ ಗೋಡೆಗಳ ಹಾಗೆ, ಬಣ್ಣದಲ್ಲಿ ಬರೆದ ಕಿಟಕಿ ಇತ್ತಲ್ಲ? ದಿನಾ ಸಂಜೆ ಟೋಪಿ ಎತ್ತಿ ಅದನ್ನು ಮಾತಾಡಿಸುತ್ತಿದ್ದ — “ಏನಮ್ಮಾ, ಇವತ್ತೂ ಹೊರಗೆ ತಲೆ ಹಾಕಲಿಲ್ವಾ?” ಈಚೆಗೆ ಆ ಮನೆಯವರು ಗೋಡೆ ಒಡೆಸಿ ಅಲ್ಲಿ ನಿಜವಾದ ಕಿಟಕಿ ಇಡಿಸಿದರು. ಒಂದು ಸಂಜೆ ಹೆಂಗಸೊಬ್ಬಳು ಅಲ್ಲಿ ಮೇಜಿನ ಬಟ್ಟೆ ಕೊಡವುತ್ತಿದ್ದಳು. ಇವನು ಎಂದಿನಂತೆ ಟೋಪಿ ಎತ್ತಿ ಕೇಳಿಯೇ ಕೇಳಿದ. “ತಲೆ ಹಾಕ್ಕೊಂಡೇ ನಿಂತಿದ್ದೀನಲ್ಲಯ್ಯಾ! ಕಣ್ಣು ಕಾಣಲ್ವಾ ನಿನಗೆ?” ಎಂದಳು. ಅವನು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ “ನೋಡು, ಚಿತ್ರಾನೇ ಬಾಯಿಬಿಡ್ತು” ಎಂದ. ನಾನು ಬಿದ್ದು ಬಿದ್ದು ನಕ್ಕೆ. ಕಿಟಕಿಯಲ್ಲಿ ನಿಂತ ಗುರುತಿಲ್ಲದ ಹೆಂಗಸಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಯಾಕೆ ಮುಚ್ಚಿಟ್ಟ ಎಂದು ಡೆಲ್ಫಿನಾಳನ್ನು ಕೇಳಿದೆ. “ಗೊತ್ತಾದ್ರೆ ಅವಳು ಜಗಳ ಬಿಟ್ಬಿಡ್ತಾಳೆ, ಪಾಪ ಅಂತಾಳೆ, ಅಂತಿದ್ರು.”

ಪಾಪ ಅನ್ನುತ್ತಿದ್ದೆನೇ? ನಾನು? — ಇಷ್ಟು ವರ್ಷದಲ್ಲಿ ನನ್ನನ್ನು ಇಷ್ಟೇ ತಿಳಿದುಕೊಂಡೆಯಾ, ಎಜಿಡಿಯೊ? ಬಾಯಿಬಿಟ್ಟು ಹೇಳಿದ್ದರೆ ಮೇಜಿನ ಮೇಲೆ ಏನಿದೆ ಎಂದು ನಾನೇ ಹೇಳುತ್ತಿದ್ದೆ. ಹೇಳಿ, ಆಮೇಲೆ ಅಷ್ಟೇ ಜೋರಾಗಿ ಜಗಳವಾಡುತ್ತಿದ್ದೆ. ಒಂದು ಮಾತೂ ಮೆತ್ತಗೆ ಆಡುತ್ತಿರಲಿಲ್ಲ. ನೀನು ನನ್ನನ್ನು ನಂಬಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೆ.

ಬರೆದುಕೊಟ್ಟ ಸೋಲನ್ನು ಇವತ್ತು ನಿಮ್ಮೆಲ್ಲರ ಎದುರು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನನ್ನ ವಾದವೇ ಸರಿ. ಅವನದು ತಪ್ಪು —

ಯಾರೂ ಎದುರಾಡಲಿಲ್ಲ. ನೋಡಿದಿರಾ?

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ಜಗಳ ನಾನು ಗೆದ್ದೆ. ಈ ಗೆಲುವು ನನಗೆ ಬೇಡವಾಗಿತ್ತು.