ಮಾವ ಕಟ್ಟಿದ ಪಟ್ಟಿ

ಗಂಗಾವತಿಯ ಫಿಜಿಯೋಥೆರಪಿ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ ತಂಗಿ ಕುಳಿತಿದ್ದರು. ಅಕ್ಕನ ಕಾಲಿಗೆ ಬಾವು ಇಳಿಸುವ ಬಿಗಿ ಪಟ್ಟಿ ಸುತ್ತಿತ್ತು, ಬೆರಳುಗಳಷ್ಟೇ ಹೊರಗಿದ್ದವು.

"ಅಕ್ಕಾ, ಪಟ್ಟಿ ಯಾರ ಕಟ್ಟ್ಯಾರ?"

"ನಮ್ಮ ಮನಿಯವ್ರು, ನಿಮ್ಮ ಮಾವ. ಅಕ್ಕಿ ಮಿಲ್ಲಿನ್ಯಾಗ ಇಪ್ಪತ್ತು ವರ್ಷ ಚೀಲ ಕಟ್ಟಿದ ಕೈ, ಸಡಲಂಗಿಲ್ಲ."

"ಬೆರಳಿನಿಂದ ಮ್ಯಾಲ ಸುತ್ತಬೇಕಂತ ಮೇಡಂ ತೋರಿಸಿದ್ರಲ್ಲ?"

"ಹಂಗ ಸುತ್ತಿದ್ರ ಜಾರತೈತಂತ. ಮೊದಲ ಮೊಣಕಾಲ ಕೆಳಗ ಚೀಲದ ಬಾಯಿ ಬಿಗದಂಗ ಬಿಗದು, ಆಮ್ಯಾಲ ಕೆಳಗ ಇಳಿಸ್ಯಾರ."

"ಯಾವಾಗ?"

"ಮೊನ್ನಿ ಮುಂಜಾನಿ."

"ಒಮ್ಮಿನೂ ಬಿಚ್ಚಿಲ್ಲ?"

"ಯಾಕ ಬಿಚ್ಚಲಿ? ಮೊದಲ ದಿನ ಭಾಳ ಸಿಡೀತು. ನಿನ್ನಿ ಸಂಜಿಯಿಂದ ಒಂಚೂರೂ ನೋವಿಲ್ಲ. ನಿಮ್ಮ ಮಾವ ಡಾಕ್ಟರಾಗಬೇಕಿತ್ತು ನೋಡು!"

ತಂಗಿ ನಗಲಿಲ್ಲ. ಬಗ್ಗಿ ಅಕ್ಕನ ಹೆಬ್ಬೆರಳು ಹಿಡಿದಳು.

"ಬೆರಳು ನೇರಳಿ ಹಣ್ಣಾಗ್ಯಾವಲ್ಲ, ಅಕ್ಕಾ. ತಣ್ಣಗದಾವ."

"ಫ್ಯಾನಿನ ಗಾಳಿ ಅದು."

"ಚಿವುಟತೀನಿ, ನೊಂದ್ರ ಹೇಳು."

"ಚಿವುಟು."

ತಂಗಿಯ ಉಗುರು ಬೆರಳಿನಲ್ಲಿ ಊರಿತು.

"ಚಿವುಟವಾ, ಯಾಕ ಸುಮ್ಮನ ಕುಂತಿ?"

ತಂಗಿ ಎದ್ದು, "ಮೇಡಂ, ಲಗೂ ಬರ್ರಿ!" ಎಂದು ಕೂಗಿದಳು.

"ನಮ್ಮ ಪಾಳಿ ಇನ್ನೂ ಬಂದಿಲ್ಲ," ಎಂದು ಅಕ್ಕ ನನ್ನ ಕಡೆ ನೋಡಿ ನಾಚಿಕೊಂಡಳು.

ಗಾಲಿಕುರ್ಚಿ ಬಂತು. ನಾನು ಕಾಲು ಮಡಚಿ ದಾರಿ ಬಿಟ್ಟೆ.