ಐದು ಬೆರಳಿನ ಗಿಲಾವು

ಸಂಜೆಗೇ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ರಿಪೇರಿ ನಡೆದಿದ್ದ ಮನೆಯೊಳಗೆ, ಸಿಮೆಂಟ್ ಚೀಲಗಳ ಮೇಲೆ ಕೂತು ನಾವು ಮೂವರು ಸಿಕ್ಕಿಹಾಕಿಕೊಂಡಿದ್ದೆವು. ಪೇಂಟ್ ಹೊಡೆಯುವ ನಾನು, ಟೈಲ್ಸ್ ಹಾಕುವ ಕುಳ್ಳ, ಜೊತೆಗೆ ಮೇಸ್ತ್ರಿ ತಾತ. ಕರೆಂಟ್ ಹೋಗಿತ್ತು. ಅಡುಗೆಮನೆಯ ಹಳೇ ನೆಲ ಕೀಳುವಾಗ ಕುಳ್ಳನಿಗೊಂದು ಸಣ್ಣ ತಗಡಿನ ಡಬ್ಬಿ ಸಿಕ್ಕಿತ್ತು, ಅದರಲ್ಲೊಂದು ಜೊತೆ ಚಿನ್ನದ ಓಲೆ. ಮನೆಯವರಿಗೆ ಹೇಳುವುದೋ, ನಾವೇ ಇಟ್ಟುಕೊಳ್ಳುವುದೋ ಎಂದು ಇಬ್ಬರೂ ಗುಸುಗುಸು ನಡೆಸಿದ್ದೆವು. ತಾತನಿಗೆ ಕಿವಿ ಮಂದ ಅಂದುಕೊಂಡಿದ್ದು ನಮ್ಮ ತಪ್ಪು.

"ಕುಳ್ಳ, ಅದನ್ನ ಜೇಬಿಂದ ತೆಗೆದು ಕೆಳಗಿಡು" ಅಂದ ತಾತ. "ಇಬ್ಬರೂ ಹತ್ತಿರ ಬನ್ನಿ. ಕೂಗಿ ಹೇಳೋ ಕತೆ ಅಲ್ಲ ಇದು."

"ಆಗ ನನಗೆ ನಿಮ್ಮದೇ ವಯಸ್ಸು, ನಿಮ್ಮದೇ ಕೊಬ್ಬು. ನಾನು, ನನ್ನ ಬಾಮೈದ, ಇಬ್ಬರೂ ಜೊತೇಲಿ ಗಾರೆ ಕೆಲಸ ಮಾಡ್ತಿದ್ವಿ. ಒಬ್ಬ ಮೇಷ್ಟ್ರು ಹಳೇ ಮನೆ ಕೊಂಡು ಅಡುಗೆಮನೆ ದೊಡ್ಡದು ಮಾಡಿಸ್ತಿದ್ರು. ಗೋಡೆ ಒಡೆಯೋ ಮುಂಚೆ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡ್ತೀವಲ್ಲ, ಹಾಗೆ ತಟ್ತಾ ಹೋದ್ರೆ ಒಲೆ ಪಕ್ಕದಲ್ಲಿ ಒಂದು ಕಡೆ ಟೊಳ್ಳು. ಸುಣ್ಣ ಕೆರೆದು ನೋಡ್ತೀನಿ... ಅಲ್ಲಿ ಗಾರೆ ಸವರೋ ಕರಣೆ ಆಡಿಸಿದ ಗುರುತೇ ಇಲ್ಲ. ಐದು ಬೆರಳಿನ ಗೀರು. ಸಣ್ಣ ಬೆರಳು, ಹೆಂಗಸಿನದು. ಯಾವ ಮೇಸ್ತ್ರಿಗೂ ಗೊತ್ತಾಗಬಾರದು ಅಂತ ಮಹಾತಾಯಿ ಬರಿಗೈಲಿ ತಾನೇ ಮೆತ್ತಿದ್ದಾಳೆ. ಒಳಗೆ ಹಾಲಿನ ಪುಡಿ ಡಬ್ಬಿ. ಡಬ್ಬೀಲಿ ಒಂದು ಸರ, ನಾಲ್ಕು ಬಳೆ.

"ಈಗ ಹೇಳಿ, ಯಾರದು ಅದು? ಮೇಷ್ಟ್ರದಾ? ಅವರು ಕೊಂಡಿದ್ದು ಮನೆ, ಅದರ ಹೊಟ್ಟೇಲಿ ಏನಿದೆ ಅಂತ ಅವರಿಗೇನು ಗೊತ್ತು? ತಾಯಿ ಸತ್ತ ಮೇಲೆ ಮನೆ ಮಾರಿದ ಮಗನದಾ? ಆ ಕುಡುಕನ ಕಣ್ಣಿಗೆ ಬೀಳಬಾರದು ಅಂತ ತಾನೇ ಅವನ ತಾಯಿ ಅದನ್ನ ಗೋಡೆಗೆ ಸೇರಿಸಿದ್ದು? ಬಾಮೈದ ಹೀಗೆಲ್ಲ ವಾದ ಮಾಡಿ, ಬೆವರು ಸುರಿಸಿ ತೆಗೆದವರು ನಾವು, ನಮಗೇ ಸೇರಬೇಕು ಭಾವ, ಅಂದ. ನನಗೂ ಅಷ್ಟೇ ಬೇಕಾಗಿತ್ತು. ಸರ ಅವನಿಗೆ, ಬಳೆ ನನಗೆ.

"ಅಲ್ಲಿಗೇ ನಿಂತಿದ್ರೆ ಬರೀ ಕಳ್ಳತನ ಆಗೋದು. ಮಾರನೇ ದಿನ ಒಬ್ಬ ಹೆಣ್ಣುಮಗಳು ಬಂದ್ಲು, ಸತ್ತ ಆ ತಾಯಿಯ ಮಗಳು. ಒಳಗೆ ಬರೋಕೂ ಸಂಕೋಚ, ಗೇಟಿನ ಹತ್ತಿರಾನೇ ನಿಂತ್ಲು. 'ಅಣ್ಣಾ, ಸಾಯೋ ಮುಂಚೆ ಅಮ್ಮ ನನಗೆ, ಅಡುಗೆಮನೇಲಿ ನಿನಗೇ ಅಂತ ಇಟ್ಟಿದ್ದೀನಿ ಅಂದ್ರು. ಎಲ್ಲಿ ಅಂತ ಹೇಳೋಷ್ಟರಲ್ಲಿ ಮಾತು ನಿಂತುಹೋಯ್ತು. ಏನಾದ್ರೂ ಸಿಕ್ತಾ?' ಅಣ್ಣಾ ಅಂದ್ಲು ಕಣ್ರೋ ನನ್ನ. ಬಳೆ ನನ್ನ ಬುತ್ತಿ ಚೀಲದಲ್ಲೇ ಇತ್ತು. ಏನೂ ಇಲ್ಲಮ್ಮ, ಬರೀ ಇಟ್ಟಿಗೆ ಅಂದೆ. ತಲೆ ಆಡಿಸಿ ಹೊರಟುಹೋದ್ಲು.

"ಅವತ್ತು ಆ ಗೋಡೆಗೆ ಗಿಲಾವು ಮಾಡಿ, ಕನ್ನಡಿ ಥರ ನುಣುಪು ಮಾಡಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ... ಅದೇ ಜಾಗದಲ್ಲಿ ಐದು ಬೆರಳಿನ ಗೀರು. ಬೆಕ್ಕು ಗಿಕ್ಕು ಇರಬೇಕು ಅಂತ ಬಾಮೈದ ನಕ್ಕ. ಬೆಕ್ಕಿಗೆ ಹೆಬ್ಬೆರಳು ಇರುತ್ತೇನ್ರೋ? ಮತ್ತೆ ಸರಿ ಮಾಡಿದೆ. ಮಾರನೇ ಬೆಳಿಗ್ಗೆ ಗೀರು ಗೋಡೆ ಉದ್ದಕ್ಕೂ ಹರಿದಿತ್ತು, ಕರೆಂಟ್ ಹೋದಾಗ ಗೋಡೆ ತಡಕಾಡ್ಕೊಂಡು ಹೋಗ್ತಾರಲ್ಲ, ಹಾಗೆ. ಆ ಕೆಲಸ ಬಿಟ್ಟು ಬೇರೆ ಮನೆಗೆ ಹೋದೆ, ಅಲ್ಲಿಗೂ ಬಂತು. ನಾನು ಕರಣೆ ಆಡಿಸಿದ ಗೋಡೆಗೆಲ್ಲ ಬಂತು. ಒದ್ದೆ ಗೋಡೆ ಕಂಡ್ರೆ ಸಾಕು, ಕರಣೆ ಕೆಳಗಿಟ್ಟು ದೂರ ಸರೀತಿದ್ದೆ.

"ಬಾಮೈದ ಸರ ಮಾರಿಬಿಟ್ಟ. ತಿಂಗಳೊಳಗೆ ಅವನ ಹೆಂಡತಿ ಅಳ್ತಾ ಓಡಿ ಬಂದ್ಲು. ಹೋಗಿ ನೋಡ್ತೀನಿ, ಗೋಡೆ ಮುಂದೆ ಕೂತು ಬೆರಳಲ್ಲಿ ಕೆರೀತಾ ಇದ್ದಾನೆ, ಉಗುರು ಕಿತ್ತುಬಂದು ರಕ್ತ ಸೋರ್ತಾ ಇದೆ, ಅವನಿಗೆ ಅದರ ಪರಿವೆನೇ ಇಲ್ಲ. 'ಇಲ್ಲೇ ಇಟ್ಟಿದ್ದೆ, ಮಗಳಿಗೆ ಅಂತ ಇಟ್ಟಿದ್ದೆ' ಅಂತಾನೆ... ಅವನ ದನಿ ಅಲ್ಲ ಅದು. ಒಂದು ವಾರಾನೂ ಬದುಕಲಿಲ್ಲ.

"ಬಳೆ ತಗೊಂಡು ಆ ಮಗಳನ್ನ ಹುಡುಕಿಕೊಂಡು ಓಡಿದೆ. ಬಾಡಿಗೆ ಮನೆ ಖಾಲಿ ಮಾಡಿ ಹೋಗಿದ್ಲು. ಎಲ್ಲಿಗೆ? ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷದಿಂದ ಆ ಬಳೆ ಇಟ್ಕೊಂಡು ಹೋದ ಹೋದ ಕಡೆಯೆಲ್ಲ ಕೇಳ್ತಾನೇ ಇದ್ದೀನಿ. ಕರಣೆ ಮುಟ್ಟೋದು ಬಿಟ್ಟು ಬರೀ ಮೇಲ್ವಿಚಾರಣೆ ಮಾಡ್ಕೊಂಡಿದ್ದೀನಿ. ಗೋಡೆಗಳೇನೋ ಸುಮ್ಮನಾದವು..."

ತಾತ ಅಂಗಿಯ ಗುಂಡಿ ಬಿಚ್ಚಿದ. ಕುಳ್ಳ ಮೊಬೈಲ್ ಬೆಳಕು ಹಿಡಿದ, ಹಿಡಿದವನೇ ಹಿಂದಕ್ಕೆ ಸರಿದ. ತಾತನ ಎದೆಯಿಂದ ಕತ್ತಿನವರೆಗೆ ಸುಣ್ಣದ ಐದು ಗೀರು ಎದ್ದಿದ್ದವು. ಇನ್ನೂ ಒದ್ದೆಯಾಗಿದ್ದವು.

"ಇದು ಇವತ್ತು ಬೆಳಗಿನದು. ಮೊದಲು ಕಾಲಿನ ಹತ್ತಿರ ಇರೋದು, ವರ್ಷ ವರ್ಷ ಮೇಲಕ್ಕೆ ಬಂತು. ಆ ಓಲೆ ಯಾರಿಗೆ ಅಂತ ಇಟ್ಟಿದ್ರೋ ನಾಳೆ ಮೊದಲು ವಿಚಾರಿಸಿ, ನನ್ನ ಹಾಗೆ ತಡ ಮಾಡಬೇಡಿ. ಆ ಮಗಳು ಸತ್ತೇ ಹೋಗಿರಬೇಕು ಬಿಡು ಅಂತಾರೆ ಜನ. ಇಲ್ಲ ಕಣ್ರೋ, ಎಲ್ಲೋ ಬದುಕಿದ್ದಾಳೆ... ಸತ್ತು ಅಮ್ಮನ ಹತ್ತಿರ ಹೋಗಿದ್ರೆ, ಅಮ್ಮ ಆ ಬಳೆ ಇನ್ನೂ ಯಾಕೆ ಹುಡುಕ್ತಿದ್ಲು?"